ಫರ್ಜಾನಾಳ ಹೆಸರಲ್ಲಿ ಬಡಿದ ರೊಟ್ಟಿ

ಕೊಟ್ರೇಶನ ಏಜೆನ್ಸಿ ಶಿಗ್ಗಾಂವದ ಬಸ್ ನಿಲ್ದಾಣದ ಎದುರು, ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ಇದೆ. ಆಸ್ಪತ್ರೆ, ಹಾಸ್ಟೆಲ್, ಗೋದಾಮು, ಯಾರಿಗೆ ಆಳು ಬೇಕೋ ಅವರಿಗೆ ಗುತ್ತಿಗೆಯ ಮೇಲೆ ಆಳು ಕಳಿಸುವುದು ಅವನ ದಂಧೆ. ಆಳು ಎಂದರೆ ಅವನಿಗೆ ಸಿಟ್ಟು. ಸ್ಟಾಫ್ ಎನ್ನಬೇಕಂತೆ. ಏನೆಂದು ಕರೆದರೂ ತಿಕ್ಕುವುದು ಅದೇ ಪಾತ್ರೆ.

ನಾನು ಹಿರೇಬೆಂಡಿಗೇರಿಯ ಯಂಕವ್ವ. ನನ್ನನ್ನು ಅವನು ಸವಣೂರಿನ ಒಂದು ಹಾಸ್ಟೆಲ್‌ಗೆ ಪಾತ್ರೆ ತೊಳೆಯಲು ಹಾಕಿದ್ದ. ಎರಡು ವರ್ಷದಲ್ಲಿ ಸೋಪಿನ ಪುಡಿಗೆ ಬೆರಳಿನ ಸಂದುಗಳೆಲ್ಲ ಒಡೆದು, ಉಣ್ಣುವಾಗ ಖಾರ ತಗುಲಿದರೆ ಜೀವ ಹೋಗುತ್ತಿತ್ತು. ನೀರಿನ ಕೆಲಸ ಬಿಡು, ಇಲ್ಲದಿದ್ದರೆ ಕೈ ಕೆಡುತ್ತವೆ ಎಂದರು ಡಾಕ್ಟರು. ಹೇಳಲು ಅವರಿಗೇನು? ಕೆಲಸ ಬಿಟ್ಟರೆ ಮನೆ ನಡೆಯುವುದಿಲ್ಲ, ಬಿಡದಿದ್ದರೆ ಕೈ ಉಳಿಯುವುದಿಲ್ಲ. ನನಗೆ ಒಲೆಯ ಮುಂದಿನ ಕೆಲಸ ಬೇಕಿತ್ತು. ಅಷ್ಟರಲ್ಲಿ ಶಿಗ್ಗಾಂವದ ಹೆದ್ದಾರಿ ಬದಿಯ ಖಾಸಗಿ ಆಸ್ಪತ್ರೆಯೊಂದರ ಕ್ಯಾಂಟೀನಿಗೆ ಜೋಳದ ರೊಟ್ಟಿ ಮಾಡುವವರು ಬೇಕಾಗಿದ್ದಾರೆ ಎಂದು ತಿಳಿಯಿತು. ಮಾಳಿಗೆ ಹತ್ತಿದೆ.

“ನಿಮ್ಮ ಪ್ರೊಫೈಲ್ ಅದಕ್ಕ ಹೊಂದಂಗಿಲ್ರೀ,” ಎಂದ ಕೊಟ್ರೇಶ, ಮೊಬೈಲ್ ನೋಡುತ್ತಲೇ.

“ಏನ್ ಹೊಂದಂಗಿಲ್ಲ? ರೊಟ್ಟಿ ಬಡಿಯಾಕ ಮತ್ತೇನ್ ಬೇಕು?”

“ನಿಮ್ಮ ಅನುಭವ ಪಾತ್ರಿ ತಿಕ್ಕೂದರಾಗ ಐತಿ.”

“ಆ ಪಾತ್ರಿ ನೀನ ಕೊಟ್ಟಿದ್ದಲ್ಲೋ! ರೊಟ್ಟಿ ನಾ ಸಣ್ಣಾಕಿ ಇದ್ದಾಗಿಂದ ಬಡಿಯಾಕತ್ತೇನಿ.”

“ಹಂಗ ಬರಂಗಿಲ್ರೀ. ನಮ್ಮಲ್ಲಿ ಒಂದು ಪದ್ಧತಿ ಐತಿ. ಮನಷ್ಯಾನ್ನ ನೋಡಿ, ಅಳದು ಕೆಲಸ ಕೊಡತೇವಿ.”

ಹೀಗೆ ಮೂರು ಸಲ ಹೋದೆ. ಮೂರೂ ಸಲ ಅಳೆದ. ಒಮ್ಮೆಯೂ ತಲೆ ಎತ್ತಲಿಲ್ಲ. ಕೊನೆಗೆ ಆ ಕೆಲಸಕ್ಕೆ ಸವಣೂರಿನಿಂದ ಒಬ್ಬಳನ್ನು ಹಾಕಿದ. ಅವಳೇ ಫರ್ಜಾನಾ.

ದಿನಾ ಬೆಳಿಗ್ಗೆ ಸವಣೂರಿನಿಂದ ಬಂದ ಬಸ್ಸೇ ಶಿಗ್ಗಾಂವದಲ್ಲಿ ತಿರುಗಿ ಸವಣೂರಿಗೆ ಹೊರಡುತ್ತದೆ. ಅವಳು ಎದ್ದ ಸೀಟಿನಲ್ಲಿ ನಾನು ಕೂರುತ್ತಿದ್ದೆ. ಇಬ್ಬರದೂ ಏಜೆನ್ಸಿಯ ಅದೇ ಕಂದು ಕೋಟು. ಒಂದು ದಿನ ಬಾಗಿಲಲ್ಲಿ ಡಿಕ್ಕಿಯಾಯಿತು. ಅವಳು ನನ್ನ ಕೋಟು ನೋಡಿ ನಕ್ಕಳು.

“ಅಕ್ಕಾ, ನೀವೂ ಕೊಟ್ರೇಶನ ಮಂದೀನಾ? ಎಲ್ಲಿ ಹಾಕ್ಯಾನ?”

ಹಾಸ್ಟೆಲ್ಲಿನ ಹೆಸರು ಹೇಳಿದೆ. ಅವಳು ಹಣೆ ಬಡಿದುಕೊಂಡಳು.

“ಯಾ ಅಲ್ಲಾ! ಅದರ ಗೋಡಿಗಿ ಹತ್ತೇತಿ ನಮ್ಮನಿ. ಅಮ್ಮಾ ಹಾಸಿಗಿ ಹಿಡದಾಳ. ನಡುವ ಹೋಗಿ ಒಂದು ತುತ್ತು ಉಣಸತೇನಿ, ಅಲ್ಲೇ ಹಾಕ್ರಿ ಅಂತ ಕಾಲ ಬಿದ್ದೆ. ಆ ಪೋಸ್ಟ್ ಫುಲ್ ಐತಿ ಅಂದ.”

“ಫುಲ್ ಆಗಿದ್ದು ನನ್ನಿಂದನವಾ. ನಿನ್ನ ಕೆಲಸ ನಾ ಕೇಳಿದ್ದೆ. ಪ್ರೊಫೈಲ್ ಹೊಂದಂಗಿಲ್ಲಂತ.”

“ನನಗೂ ಎಲ್ಲಿ ಹೊಂದೇತಿ? ಬಡದು ಬಡದು ರಟ್ಟಿ ಬಿದ್ದು ಹೋಗ್ಯಾವ. ಪಾತ್ರಿ ಆದ್ರ ಎಷ್ಟರ ತಿಕ್ಕತೇನಿ, ನನ್ನ ಕೈಗೆ ಏನೂ ಆಗಂಗಿಲ್ಲ.”

ಕಂಡಕ್ಟರ್ ಸೀಟಿ ಊದಿದ. ನನಗೆ ಸಿಟ್ಟು ನೆತ್ತಿಗೇರಿತ್ತು. ನಾನು ಕೇಳಿದ್ದು ಅವಳಿಗೆ, ಅವಳು ಕೇಳಿದ್ದು ನನಗೆ. ಇವನ ಅಳತೆಗೆ ಬೆಂಕಿ ಹಾಕ!

“ಫರ್ಜಾನಾ, ನೀ ಇಳೀಬ್ಯಾಡ, ನಾ ಹತ್ತಂಗಿಲ್ಲ,” ಎಂದೆ.

ಅವಳು ಬಸ್ಸಿನ ಮೆಟ್ಟಿಲ ಮೇಲೇ ನಿಂತಳು. ನಾನೇ ಅವಳ ಕೋಟಿನ ಮೇಲಿನ ಹೆಸರಿನ ಬಿಲ್ಲೆ ಕಿತ್ತು ನನಗೆ ಸಿಕ್ಕಿಸಿಕೊಂಡೆ, ನನ್ನದನ್ನು ಅವಳಿಗೆ ಸಿಕ್ಕಿಸಿದೆ. ಬಸ್ಸು ಹೋಯಿತು.

ಕ್ಯಾಂಟೀನಿನಲ್ಲಿ ಯಾರೂ ಏನೂ ಕೇಳಲಿಲ್ಲ. ಯಾಕೆ ಕೇಳುತ್ತಾರೆ? ಏಜೆನ್ಸಿ ತಿಂಗಳಿಗೊಂದು ಹೊಸ ಮುಖ ಕಳಿಸುತ್ತದೆ, ಹೊಸ ಬಿಲ್ಲೆ ಮಾಡಿಸಲು ಜಿಪುಣತನ. ಹೋದವಳ ಬಿಲ್ಲೆಯನ್ನೇ ಬಂದವಳಿಗೆ ಹಚ್ಚುತ್ತದೆ. ನನಗಿಂತ ಮೊದಲು ಅಲ್ಲಿ ನೆಲ ಒರೆಸುತ್ತಿದ್ದ ಗಂಡಸಿನ ಎದೆಯ ಮೇಲೂ ಶೇಖವ್ವ ಎಂದು ಇತ್ತಂತೆ. ನನ್ನ ಹಣೆಯ ಮೇಲೆ ಕಾಸಿನಗಲ ಕುಂಕುಮ, ಎದೆಯ ಮೇಲೆ ಫರ್ಜಾನಾ. ದಿನಾ ಬೆಳಿಗ್ಗೆ ಸೂಪರ್‌ವೈಸರ್ ನಮ್ಮನ್ನು ಸಾಲಾಗಿ ನಿಲ್ಲಿಸಿ ಫೋಟೊ ಹೊಡೆದು ಕೊಟ್ರೇಶನಿಗೆ ಕಳಿಸುತ್ತಿದ್ದ. ಹಾಜರಿ ಎಂದರೆ ಅದೇ. ಎಷ್ಟು ಕೋಟು ಇವೆ ಎಂದು ನೋಡುತ್ತಿದ್ದನೋ ಏನೋ, ಕೋಟಿನೊಳಗೆ ಯಾರಿದ್ದಾರೆ ಎಂದು ಆ ಪುಣ್ಯಾತ್ಮ ನೋಡಲಿಲ್ಲ. ಅವಳು ದುಡಿದ ಪಗಾರ ನನ್ನ ಖಾತೆಗೆ, ನಾನು ದುಡಿದದ್ದು ಅವಳ ಖಾತೆಗೆ. ಸಂತೆಯ ದಿನ ನಾವೇ ಬದಲಿ ಮಾಡಿಕೊಳ್ಳುತ್ತಿದ್ದೆವು.

ದಸರೆಯಿಂದ ಸಂಕ್ರಾಂತಿವರೆಗೆ ಹೀಗೇ ನಡೆಯಿತು. ನನ್ನ ಕೈ ಮಾಯ್ದವು. ರೋಗಿಗಳ ಕಡೆಯವರು ಹೊರಗೆ ಹೋಗಿ ಉಣ್ಣುವುದು ಬಿಟ್ಟು ಕ್ಯಾಂಟೀನಿಗೆ ಬರತೊಡಗಿದರು. ಆಸ್ಪತ್ರೆಯ ಒಡತಿ ಮೃಣಾಲಿನಿ ಡಾಕ್ಟರು, ಸವಣೂರಿನ ಆಚಾರ್ಯರ ಮನೆತನದವರು, ಒಂದು ದಿನ ಕೊಟ್ರೇಶನನ್ನು ಕ್ಯಾಂಟೀನಿಗೇ ಕರೆಸಿದರು. ನನ್ನನ್ನೂ ಕರೆದರು. ಕೊಟ್ರೇಶ ನನ್ನ ಎದೆ ನೋಡಿ ಬಿಲ್ಲೆ ಓದಿದ.

“ನೋಡ್ರಿ ಮೇಡಂ, ಫರ್ಜಾನಾ ಬಾಯಿನ್ನ ಆರಿಸಿದಾವ ನಾನ. ಮುಖಾ ನೋಡಿದ ಕೂಡ್ಲೇ ಗೊತ್ತಾತು, ಇವ್ರು ಅಡಿಗಿಯವ್ರು ಅಂತ!”

“ಛಲೋ ಆತು,” ಎಂದರು ಡಾಕ್ಟರು. “ಇನ್ನ ಮ್ಯಾಲೆ ಕ್ಯಾಂಟೀನ್ ಅಡಿಗಿ ಎಲ್ಲಾ ಇವರ ಜವಾಬ್ದಾರಿ. ಹೆಡ್ ಕುಕ್ ಅಂತ ಪೋಸ್ಟ್ ಮಾಡ್ರಿ.”

ಸುಮ್ಮನಿದ್ದರೆ ಆ ಹುದ್ದೆ ಫರ್ಜಾನಾಳ ಹೆಸರಿಗೆ ಹೋಗುತ್ತಿತ್ತು. ನಾನು ಸಾಯುವತನಕ ಇನ್ನೊಬ್ಬಳಾಗಿ ರೊಟ್ಟಿ ಬಡಿಯಬೇಕು. ಬಾಯಿ ಬಿಟ್ಟರೆ ಇಬ್ಬರ ಕೆಲಸವೂ ಹೋಗಬಹುದು. ಆದರೆ ಆ ‘ಮುಖಾ ನೋಡಿದ ಕೂಡ್ಲೇ’ ಎಂಬ ಮಾತು ನನಗೆ ಮೆಣಸಿನಕಾಯಿ ಇಟ್ಟಂತಾಯಿತು.

“ಏ ಕೊಟ್ರೇಶ, ನಾ ಫರ್ಜಾನಾ ಅಲ್ಲೋ. ಯಂಕವ್ವ! ಮೂರು ಸಲ ನಿನ್ನ ಮುಂದ ಕುಂತೆದ್ದು ಬಂದೇನಿ. ಫರ್ಜಾನಾ ಸವಣೂರಾಗ ನನ್ನ ಪಾತ್ರಿ ತಿಕ್ಕಾಕತ್ತಾಳ.”

ಅವನ ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು. “ಫೋರ್ ಟ್ವೆಂಟಿ ಕೆಲಸ ಇದು! ಇಬ್ಬರ ಮ್ಯಾಲೂ ಕೇಸ್ ಹಾಕತೇನಿ!”

“ಹಾಕಪಾ. ದಿನಾ ನನ್ನ ಫೋಟೊ ನೋಡಿ ಹಾಜರಿ ಕೊಟ್ಟಾವ ಯಾರು ಅಂತನೂ ಬರಸು.”

ಡಾಕ್ಟರಿಗೆ ನ್ಯಾಯ ಬೇಕಿರಲಿಲ್ಲ, ಊಟ ಬೇಕಿತ್ತು. “ಕೊಟ್ರೇಶವರ, ಹೆಸರು ನೀವು ತಿದ್ದಿಕೋರಿ. ನನಗ ಇವ್ರ ಬೇಕು.”

ಅವನು ತಟ್ಟನೆ ತಣ್ಣಗಾದ. “ಆತ್ರೀ ಮೇಡಂ, ಯಂಕವ್ವಗ ಪೋಸ್ಟ್ ಕೊಡೂಣು. ಆದ್ರ ಆ ಸವಣೂರಿನಾಕಿನ್ನ ಇವತ್ತ ತೆಗೀತೇನಿ. ಶಿಸ್ತು ಅನ್ನೂದು ಬೇಕಲ್ರೀ.”

ನನ್ನ ಮೇಲೆ ತೀರಿಸಿಕೊಳ್ಳಲಾಗದ ಸಿಟ್ಟನ್ನು ಅಲ್ಲಿಲ್ಲದವಳ ಮೇಲೆ ತೀರಿಸಿಕೊಳ್ಳುವ ಗಂಡಸು. ನಾನು ಹಿಟ್ಟಿನ ಪರಾತದ ಮೇಲೆ ಅರಿವೆ ಮುಚ್ಚಿದೆ. ಗ್ಯಾಸ್ ಆರಿಸಿದೆ. ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಊಟದ ಹೊತ್ತು. ಒಳಗೆ ತಟ್ಟೆ ಹಿಡಿದವರ ಸಾಲು ಬೆಳೆಯಿತು.

“ಏನ್ರೀ ಇದು?” ಎಂದು ಡಾಕ್ಟರು ಬಾಗಿಲಿಗೆ ಬಂದರು.

“ಅಕಿ ಕೆಲಸ ಇದ್ರ ನನ್ನ ಕೆಲಸ ಇರತೈತ್ರಿ. ಇವನಿಗಿ ಹಾಸ್ಟೆಲ್ಲಿಗಿ ಒಂದು ಫೋನ್ ಮಾಡಾಕ ಹೇಳ್ರಿ, ಅಕಿನ್ನ ಬಿಡತಾರೇನು ಕೇಳಲಿ.”

ಡಾಕ್ಟರು ಕೊಟ್ರೇಶನ ಕಡೆ ನೋಡಿದರು. ಅವನು ಫೋನ್ ಮಾಡಿದ. ವಾರ್ಡನ್ ಗಟ್ಟಿ ಗಂಟಲಿನವರು, ಅವರ ಮಾತು ಕಟ್ಟೆಯವರೆಗೂ ಕೇಳಿಸಿತು.

“ನಮ್ಮ ಯಂಕವ್ವನ್ನ ತೆಗೀತೀರಿ? ಏನ್ ಹುಚ್ಚ ಹಿಡದೈತೇನ್ರೀ ನಿಮಗ? ದಸರಾ ಹಬ್ಬದ ಮೊದಲ ಇದ್ದ ಆ ಜಗಳಗಂಟಿ ಹೋಗಿ ಈಗ ಛಲೋ ಆಗೈತಿ. ಮುಟ್ಟಿದ್ರ ನಿಮ್ಮ ಗುತ್ತಿಗಿನ ಬಿಡಸತೇನಿ!”

ಅವರ ಯಂಕವ್ವ ಎಂದರೆ ಫರ್ಜಾನಾ, ಜಗಳಗಂಟಿ ಎಂದರೆ ನಾನೇ. ಇರಲಿ.

ಕೊಟ್ರೇಶ ಫೋನನ್ನು ಜೇಬಿಗೆ ಹಾಕಿದ. ಹುದ್ದೆ ನನ್ನ ಹೆಸರಿಗೆ, ಹಾಸ್ಟೆಲ್ಲಿನ ಕೆಲಸ ಫರ್ಜಾನಾಳ ಹೆಸರಿಗೆ ಎಂದು ಡಾಕ್ಟರ ಎದುರೇ ಒಪ್ಪಿಕೊಂಡ. ಒಪ್ಪಿಕೊಂಡದ್ದೂ ತನ್ನ ಉಪಾಯವೇ ಎನ್ನುವ ಹಾಗೆ, “ನಾವು ಮೊದಲಿಂದನೂ ಲೋಕಲ್ ಮಂದಿಗೆ ಲೋಕಲ್ ಕೆಲಸ ಅಂತನ ಹೇಳತೇವ್ರಿ,” ಎಂದ.

ನಾನು ಒಳಗೆ ಹೋಗಿ ಒಲೆ ಹಚ್ಚಿದೆ. ಅವನು ಹಿಂದೆಯೇ ಬಂದು ಬೆಂಚಿನ ಮೇಲೆ ಕಾಲು ಮೇಲೆ ಕಾಲು ಹಾಕಿ ಕುಳಿತ.

“ಯಂಕವ್ವಾ, ಬಿಸಿ ರೊಟ್ಟಿ ಎರಡು ಹಾಕು ನೋಡೂಣು.”

“ಪಾಳಿ ಅಲ್ಲಿ ಐತಿ,” ಎಂದೆ. “ತಟ್ಟಿ ತಗೊಂಡು ಹಿಂದ ನಿಂದ್ರು.”