ಎಡಗಡೆಯಿಂದ ಬರುವವರು

"ಅವು ರೋಡಿಂದ ಬರಾದಲ್ಲ ಕಣಮ್ಮ, ಮಣ್ಣಿಂದ ಎದ್ದು ಬತ್ತವೆ," ಎಂದ ಮುತ್ತರಾಯಪ್ಪ. "ಈ ಗಳಿಗೇಲಿ ಯಾರೂ ಇರಾಕಿಲ್ಲ, ಮರುಗಳಿಗೆ ಬಂಪರ್ ಮುಂದೇನೇ ನಿಂತಿರ್ತವೆ. ಬ್ರೇಕ್ ತುಳೀದೆ ಇನ್ನೇನ್ ಮಾಡ್ಲಿ?"

ಹೊಸೂರಿನ ಪಕ್ಕದ ಮೂಕಂಡಪಲ್ಲಿಯ ಲಾರಿ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಚಂದ್ರಲೇಖಾ ನಗಲಿಲ್ಲ. ನಕ್ಕವನು ಮಾಲೀಕ ಮುನೀಶ್. "ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ. ಅಣ್ಣಾ, ನಿನ್ನೆ ಆ ಹಾಲಿನ ಬೈಕ್ನೋನು ಕೂದಲೆಳೇಲಿ ಉಳ್ಕಂಡವ್ನೆ. ಇದು ಇತ್ಯರ್ಥ ಆಗೋಗಂಟ ನಿನ್ ಕೈಗೆ ಗಾಡಿ ಕೊಡಾಕಾಗಲ್ಲ."

ಮುತ್ತರಾಯಪ್ಪನ ಮುಖ ಸಣ್ಣದಾಯಿತು. ಮೀಸೆ ಮೂಡುವ ವಯಸ್ಸಿನಿಂದ ಲಾರಿ ಹಿಡಿದವನು, ಒಂದು ಕೋಳಿಪಿಳ್ಳೆಯನ್ನೂ ಚಕ್ರಕ್ಕೆ ಸಿಕ್ಕಿಸಿದವನಲ್ಲ. ಸ್ಟಿಯರಿಂಗ್ ಬಿಟ್ಟರೆ ಅವನಿಗೆ ಬೇರೆ ಬದುಕು ಗೊತ್ತಿರಲಿಲ್ಲ. ಈ ಕಾಟ ಶುರುವಾದ ಮೇಲೆ ಅವನೇನೂ ಸುಮ್ಮನೆ ಕೂತಿರಲಿಲ್ಲ. ಎಡಗಡೆಯ ಕನ್ನಡಿ ಎರಡು ಸಲ ಬದಲಾಯಿಸಿದ್ದ. ಉದ್ದನಪಲ್ಲಿ ತಿರುವಿನ ಮುನೇಶ್ವರನಿಗೆ ಪ್ರತಿ ಟ್ರಿಪ್ಪಿಗೂ ಕಾಯಿ ಒಡೆಯುತ್ತಿದ್ದ, ಆಷಾಢದಲ್ಲಿ ಹುಂಜ ಕೊಯ್ದು ಎಡಗಡೆ ಚಕ್ರಕ್ಕೆ ರಕ್ತ ಹಚ್ಚಿದ್ದ. ಅವನನ್ನು ನೋಡಿ ಕಂಪನಿಯ ಅರ್ಧ ಡ್ರೈವರುಗಳು ಅಲ್ಲಿ ನಿಂಬೆಹಣ್ಣು ತುಳಿಸದೆ ಮುಂದೆ ಹೋಗುತ್ತಿರಲಿಲ್ಲ. ಹೆದರಿಕೆಯೂ ಒಂಥರಾ ನೆಗಡಿ, ಬೇಗ ಅಂಟುತ್ತದೆ.

ಚಂದ್ರಲೇಖಾ ಉದ್ದನಪಲ್ಲಿಯವಳೇ. ಸಂಖ್ಯಾಶಾಸ್ತ್ರ ಓದಿ ಈ ಕೆಲಸಕ್ಕೆ ಸೇರಿದ್ದಳು. ಪ್ರತಿ ಲಾರಿಯಲ್ಲೂ ಒಂದು ಪೆಟ್ಟಿಗೆ ಇದೆ. ಎಲ್ಲಿ, ಯಾವಾಗ, ಎಷ್ಟು ಜೋರಾಗಿ ಬ್ರೇಕ್ ತುಳಿದರೆಂದು ಅದು ಹೇಳುತ್ತದೆ. ಅದರ ಜೊತೆಗೆ ರಸ್ತೆ ನೋಡುವ ಕ್ಯಾಮೆರಾ. ಇವೆಲ್ಲವನ್ನೂ ಒಟ್ಟುಹಾಕಿ ಅಪಘಾತ ಆಗುವ ಮೊದಲೇ ಅದರ ಜಾಡು ಹಿಡಿಯುವುದು ಅವಳ ಪಾಲಿನ ಕೆಲಸ.

"ದೊಡ್ಡಪ್ಪಾ, ಇಲ್ ನೋಡಿ," ಎಂದು ಪರದೆಯನ್ನು ಅವನ ಕಡೆ ತಿರುಗಿಸಿದಳು. ಹೊಸೂರಿನಿಂದ ರಾಯಕೋಟೆ ದಾಟಿ ಹೋಗುವ ರಸ್ತೆಯ ನಕ್ಷೆ. ಅದರ ಮೇಲೆ ಕೆಂಪು ಚುಕ್ಕೆಗಳು. "ಒಂದೊಂದು ಚುಕ್ಕೆ ಒಂದೊಂದು ಜೋರು ಬ್ರೇಕು. ಇದು ಬೇರೆ ಡ್ರೈವರುಗಳ್ದು. ರಾಗಿ ಚೆಲ್ಲಿದಂಗೆ ಎಲ್ಲಾ ಕಡೆ ಐತೆ. ಈಗ ನಿಮ್ದು."

ಅವನ ಚುಕ್ಕೆಗಳು ಚೆಲ್ಲಿರಲಿಲ್ಲ. ಎಡಗಡೆಯಿಂದ ಮಣ್ಣುದಾರಿ ಬಂದು ಸೇರುವ ಕಡೆಯಲ್ಲೆಲ್ಲ ಗುಂಪುಗುಂಪಾಗಿ ಕೂತಿದ್ದವು. ಬಲಗಡೆಯಿಂದ ದಾರಿ ಸೇರುವಲ್ಲಿ ಹುಡುಕಿದರೂ ಇಲ್ಲ.

"ಗಾಡಿ ಬದಲಾಯಿಸಿದ್ರೂ ಹಿಂಗೇ ಐತೆ. ಎರಡು ವರ್ಷದ ಹಿಂದೆ ಒಂದೂ ಇರ್ಲಿಲ್ಲ, ಬರ್ತಾ ಬರ್ತಾ ಜಾಸ್ತಿ ಆಗೈತೆ. ಮುನೇಶ್ವರ ಎಡಗಡೆಯಿಂದ್ಲೇ ಯಾಕೆ ಕಳಿಸ್ತಾನೆ ದೊಡ್ಡಪ್ಪಾ, ಅದೂ ನಿಮ್ಗೊಬ್ರಿಗೇ ಇಷ್ಟೊಂದು?"

ಮುತ್ತರಾಯಪ್ಪ ಪರದೆಯ ಹತ್ತಿರಕ್ಕೆ ಬಗ್ಗಿದ. ತಾನು ಓಡಾಡಿದ್ದೆಲ್ಲ ಗಾಳಿಗೆ ಹೋಯಿತೆಂದುಕೊಂಡಿದ್ದ. ಇಲ್ಲಿ ನೋಡಿದರೆ ಯಾರೋ ಅದಷ್ಟನ್ನೂ ಎತ್ತಿಟ್ಟಿದ್ದಾರೆ!

ಅವಳು ನಿನ್ನೆಯ ವಿಡಿಯೋ ಹಾಕಿದಳು. ಟೊಮೆಟೊ ತೋಟದ ಪಕ್ಕದ ದಾರಿಯಲ್ಲಿ ಹಾಲಿನ ಬೈಕು ದೂರದಿಂದಲೇ ಕಾಣಿಸಿತು. ಕ್ಯಾನು ಅಲ್ಲಾಡಿಸಿಕೊಂಡು, ಅವಸರವಿಲ್ಲದೆ ಬಂತು, ಬಂತು, ಬರುತ್ತಲೇ ಇತ್ತು. ಲಾರಿ ವೇಗ ಇಳಿಸಲೇ ಇಲ್ಲ. ಕೊನೆಗೆ ಬೈಕು ಮೂತಿಯ ಮುಂದೆಯೇ ಬಂದಾಗ ಪರದೆ ಧಡಕ್ಕನೆ ಮುಗ್ಗರಿಸಿತು.

"ಇನ್ನೊಂದ್ಸಲ ಹಾಕು," ಎಂದ. ಮತ್ತೆ ನೋಡಿದ. "ಅವ್ನು ಬತ್ತಾನೇ ಅವ್ನಲ್ಲಮ್ಮಾ... ದೇವ್ರಾಣೆ, ನನ್ಗೆ ಕಾಣಿಸ್ಲಿಲ್ಲ."

"ಸುಳ್ಳು ಹೇಳ್ತಿದ್ದೀರಿ ಅಂತ ಯಾರಂದ್ರು? ಬಲಗಣ್ಣು ಮುಚ್ಕೊಳ್ಳಿ. ನನ್ ಮೂಗನ್ನೇ ನೋಡ್ತಿರಿ."

ಅವನು ಅಂಗೈಯಿಂದ ಬಲಗಣ್ಣು ಮುಚ್ಚಿದ. ಅವಳ ಮೂಗು ಕಂಡಿತು, ಮೂಗುಬೊಟ್ಟೂ ಕಂಡಿತು.

"ನನ್ ಕೈ ಎಲ್ಲೈತೆ?"

"ಮಡಿಲಲ್ಲಿ ಇರ್ಬೇಕು."

ಮುನೀಶ್ ಮುಂದಕ್ಕೆ ಬಾಗಿದ. ಚಂದ್ರಲೇಖಾ ತನ್ನ ಕೈಯನ್ನು ಮುತ್ತರಾಯಪ್ಪನ ಎಡಗಡೆಗೆ ಉದ್ದಕ್ಕೆ ಚಾಚಿ, ಬೆರಳುಗಳನ್ನು ಆಡಿಸುತ್ತಿದ್ದಳು.

ಮುತ್ತರಾಯಪ್ಪ ಮುಖ ತಿರುಗಿಸಿ ಆ ಕೈಯನ್ನು ನೋಡಿದ, ಆಮೇಲೆ ಪರದೆಯನ್ನು ನೋಡಿದ. ಜೊತೆಯಲ್ಲಿ ಬಾಳುವ ಹೆಂಡತಿ ಕನಕಮ್ಮನಿಗೆ ತಿಳಿದಿರಲಿಲ್ಲ, ಕಣ್ಣು ಹೊತ್ತವನಿಗೇ ತಿಳಿದಿರಲಿಲ್ಲ. ಕಾಲು ಒತ್ತಿದ್ದನ್ನು ಬರೀ ಲೆಕ್ಕ ಹಾಕಿಕೊಂಡು ಕೂತ ಈ ಪೆಟ್ಟಿಗೆ ಅವನ ಕಣ್ಣಿನೊಳಗೆ ಇಣುಕಿತ್ತು. ಭಯವೂ ಆಯಿತು, ಅದಕ್ಕಿಂತ ಹೆಚ್ಚಾಗಿ ಬೆರಗು. ದೇವಸ್ಥಾನದಲ್ಲೂ ಅವನಿಗೆ ಅಷ್ಟು ಬೆರಗಾಗಿದ್ದಿಲ್ಲ.

"ಏಳಣ್ಣ," ಎಂದ ಮುನೀಶ್, ದನಿ ಇಳಿಸಿ. "ಕೃಷ್ಣಗಿರೀಲಿ ಕಣ್ಣಿನ ಡಾಕ್ಟ್ರವ್ರೆ. ಈಗ್ಲೇ ಹೋಗುವ."

ಡಾಕ್ಟರು ತಮಿಳಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಕಣ್ಣಿನೊಳಗಿನ ಒತ್ತಡ ಸದ್ದಿಲ್ಲದೆ ಎಡಗಣ್ಣನ್ನು ಅಂಚಿನಿಂದ ತಿನ್ನುತ್ತ ಬಂದಿದೆ. ಬಲಗಣ್ಣಿಗೂ ಮೂಗಿನ ಕಡೆಯ ಅಂಚಿನಲ್ಲಿ ತಗುಲಿದೆ, ಅದಕ್ಕೇ ಎಡಗಡೆಯದು ಕಾಣುತ್ತಿರಲಿಲ್ಲ. ಹೋದದ್ದು ಹೋಯಿತು. ಉಳಿದದ್ದನ್ನೂ ಬಲಗಣ್ಣನ್ನೂ ಔಷಧಿಯಿಂದ ಕಾಪಾಡಬಹುದು, ಲಾರಿ ಮಾತ್ರ ಇನ್ನು ಬೇಡ. ಇನ್ನೂ ತಡವಾಗಿದ್ದರೆ ಎರಡೂ ಹೋಗುತ್ತಿದ್ದವಂತೆ.

ವಾಪಸು ಬರುವಾಗ ಮುನೀಶ್ ಕಾರು ಓಡಿಸಿದ. ಮುತ್ತರಾಯಪ್ಪ ಅವನ ಎಡಕ್ಕೆ ಕೂತು, ಕಿಟಕಿ ಇಳಿಸಿ, ಮುಖವನ್ನು ಪೂರ್ತಿ ಎಡಕ್ಕೆ ತಿರುಗಿಸಿದ. ಚೆಂಡುಹೂವಿನ ಮೂಟೆ ಹೊತ್ತವರು, ಕುರಿ ಹೊಡೆದುಕೊಂಡು ಬರುವವಳು, ಮೊಮ್ಮಗುವಿನ ಕೈ ಹಿಡಿದು ರಸ್ತೆ ದಾಟಲು ನಿಂತ ಮುದುಕ. ಒಬ್ಬರಾದ ಮೇಲೆ ಒಬ್ಬರು ಬರುತ್ತಲೇ ಇದ್ದರು.

"ಮುನೀಶಾ, ಈ ಕಡೆ ಇಷ್ಟೊಂದ್ ಜನ ಇದ್ರೇನ್ಲಾ?"

ಮುನೀಶ್ ಕಾರಿನ ವೇಗ ತಗ್ಗಿಸಿದ. ಮಣ್ಣುದಾರಿಯೊಂದರ ಬಾಯಲ್ಲಿ ಹುಲ್ಲುಹೊರೆ ಹೊತ್ತ ಹೆಂಗಸೊಬ್ಬಳು ಕಾರು ಮುಂದೆ ಹೋಗಲೆಂದು ಕಾಯುತ್ತ ನಿಂತಿದ್ದಳು. ಮುತ್ತರಾಯಪ್ಪ ಅವಳಿಗೆ ಕೈ ಮುಗಿದ. ಗುರುತಿನವರಿರಬೇಕೆಂದುಕೊಂಡ ಆಕೆ, ಹೊರೆ ಬೀಳದ ಹಾಗೆ ಮೆಲ್ಲಗೆ ತಲೆಯಾಡಿಸಿದಳು.