ಉಕ್ಕಿನೆದೆಯ ಹರಿಯದ ಅಂಗಿ

ಹರಿಯಲೆಂದೇ ದರ್ಜಿ ಹೊಲಿಯುತ್ತಿದ್ದ ಬಟ್ಟೆ ಒಂದೇ ಒಂದಿತ್ತು. ಅದು ಉಕ್ಕಿನೆದೆಯ ಅಂಗಿ.

ಉಕ್ಕಿನೆದೆ ಎಂದರೆ ಒಂದು ಕುಸ್ತಿ ಕಂಪನಿಯ ಹೀರೋ. ಆ ಕಂಪನಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ದೊಡ್ಡ ಷೋ ನಡೆಸುತ್ತಿತ್ತು. ದುಡ್ಡು ಕಟ್ಟಿದವರ ಟಿವಿಗೆ ಮಾತ್ರ ಅದು ಬರುತ್ತಿತ್ತು. ಕೊನೆಯ ಪಂದ್ಯಕ್ಕೆ ಉಕ್ಕಿನೆದೆ ರಿಂಗು ಹತ್ತಿ, ಎರಡೂ ಕೈಯಲ್ಲಿ ಅಂಗಿಯ ಎದೆ ಹಿಡಿದು, ಒಮ್ಮೆ ಗರ್ಜಿಸಿ, ಪರ್ರನೆ ಹರಿದು ಜನರ ಮೇಲೆ ಎಸೆಯುತ್ತಿದ್ದ. ಎದುರಾಳಿ ಆ ಎದೆ ಕಂಡೇ ಹೆದರಿ ಅಂಗಾತ ಬೀಳುತ್ತಿದ್ದ. ಇದನ್ನೆಲ್ಲ ಮೊದಲೇ ಕೂತು ಮಾತಾಡಿಕೊಂಡಿರುತ್ತಾರೆಂದು ಗೊತ್ತಿದ್ದೂ ಜನ ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳುತ್ತಿದ್ದರು. ಅವನ ತೋಳಿನಲ್ಲಿ ಬಲ ಎಷ್ಟಿತ್ತೋ ಏನೋ, ಮುಕ್ಕಾಲು ಪಾಲು ಕೆಲಸ ಮಾತ್ರ ದರ್ಜಿಯದು. ಬದಿಗಳಿಗೆ ಕಚ್ಚಾ ಹೊಲಿಗೆ, ಗುಂಡಿಗಳಿಗೆ ಒಂದೇ ಎಳೆ ದಾರ, ಎದೆಯ ಬಟ್ಟೆಗೆ ಒಳಗಿನಿಂದ ಬ್ಲೇಡಿನ ಗೀರು. ಹಾಕಿಕೊಂಡವನು ಜೋರಾಗಿ ಸೀನಿದರೂ ಬಿಚ್ಚಿಕೊಳ್ಳಬೇಕು, ಅಂಥ ಅಂಗಿ.

ಈ ಸಂಗತಿಯನ್ನು ದರ್ಜಿ ತನ್ನ ಅಮ್ಮನಿಗೆ ಹೇಳಿರಲಿಲ್ಲ. ಹೇಳುವ ಧೈರ್ಯವೂ ಇರಲಿಲ್ಲ. ಮನೆಯ ಮುಂದಿನ ಕೋಣೆಯ ಆ ಅಂಗಡಿಯನ್ನು ತೆರೆದವಳೇ ಅಮ್ಮ. ಅವನಿಗೆ ಸೂಜಿ ಹಿಡಿಯಲು ಕಲಿಸಿದವಳೂ ಅವಳೇ. ಅವಳು ಹೊಲಿದ ಪ್ಯಾಂಟುಗಳು ತೊಟ್ಟವರಿಗಿಂತ ಹೆಚ್ಚು ಕಾಲ ಬಾಳಿದ್ದುಂಟು. ತಾನು ಹೊಲಿದ ಬಟ್ಟೆ ಹೊಲಿಗೆ ಬಿಟ್ಟು ವಾಪಸು ಬಂದದ್ದಿಲ್ಲ ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು. ಹಾಗಾಗಿ ಮಗ ‘ಷೋ ಬಟ್ಟೆ’ ಎಂದಷ್ಟೇ ಹೇಳಿ, ಅವಳು ಊಟ ಮಾಡಿ ಒರಗಿದ ಹೊತ್ತು ನೋಡಿ ಕಳ್ಳನ ಹಾಗೆ ಹೊಲಿಯುತ್ತಿದ್ದ.

ಈ ತಿಂಗಳ ಷೋ ಅವನ ಪಾಲಿಗೆ ದೊಡ್ಡದು. ಕಂಪನಿಯ ಯಜಮಾನ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ. “ಈ ಸಲದ್ದು ಚೆನ್ನಾಗಿ ಹೋದ್ರೆ ಎಲ್ಲರ ಬಟ್ಟೆನೂ ನಿನಗೇ ಕೊಡ್ತೀನಿ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ.” ಜಿಪ್ಪು ಬದಲಾಯಿಸುವುದು, ಪ್ಯಾಂಟಿನ ಕಾಲು ಮೋಟು ಮಾಡುವುದು, ಇಷ್ಟರಲ್ಲೇ ದಿನ ದೂಡುತ್ತಿದ್ದ ದರ್ಜಿಗೆ ಆ ಮಾತು ಕೇಳಿದಾಗಿನಿಂದ ನಿದ್ದೆ ಸರಿಯಾಗಿ ಹತ್ತಿರಲಿಲ್ಲ.

ತಮಾಷೆಯೆಂದರೆ ಯಜಮಾನ ಕುಸ್ತಿ ನೋಡುವವನಲ್ಲ. ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ ಎನ್ನುತ್ತಿದ್ದ. ಷೋ ಹೇಗಾಯಿತೆಂದು ಅವನಿಗೆ ತಿಳಿಯುತ್ತಿದ್ದದ್ದು ಇಂಟರ್‌ನೆಟ್ಟಿನಲ್ಲಿ ಬರುವ ವಿಮರ್ಶೆಯಿಂದ. ಆ ವಿಮರ್ಶೆ ಬರೆಯುತ್ತಿದ್ದವನು ಬೇರೆ ಯಾರೂ ಅಲ್ಲ, ದರ್ಜಿಯ ಹೆಂಡತಿಯ ತಮ್ಮ.

ಅವನು ಗಣಿತದ ಮೇಷ್ಟ್ರು. ಉತ್ತರ ಸರಿಯಿದ್ದರೂ ಗೆರೆ ಸೊಟ್ಟಗಿದೆಯೆಂದು ಅರ್ಧ ಮಾರ್ಕು ಕಳೆಯುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಅರ್ಧ ಮಾರ್ಕು. ಕುಸ್ತಿಗೂ ಅದೇ ನ್ಯಾಯ. ಷೋ ಮುಗಿದ ಕೂಡಲೇ ಚೆನ್ನಾಗಿ ಬಂದದ್ದು ಏರಿದ್ದು, ಕೆಟ್ಟದ್ದು ಇಳಿದದ್ದು ಎಂದು ಎರಡು ಭಾಗ ಮಾಡಿ ಎಲ್ಲವನ್ನೂ ತೂಗಿ ಹಾಕುತ್ತಿದ್ದ. ಸಾವಿರಾರು ಜನ ಅದನ್ನು ಓದುತ್ತಿದ್ದರು. ನೆಂಟನೆಂಬ ಮುಲಾಜು ಎಳ್ಳಷ್ಟೂ ಇರಲಿಲ್ಲ. ಅಕ್ಕನ ಮದುವೆಯ ಊಟಕ್ಕೇ ಹತ್ತಕ್ಕೆ ಆರೂವರೆ ಕೊಟ್ಟವನು. ಆದರೆ ದುಡ್ಡು ಕಟ್ಟಿ ನೋಡುವ ವಿಷಯ ಬಂದಾಗ ಮಾತ್ರ ನೆಂಟಸ್ತಿಕೆ ನೆನಪಾಗಿ ಭಾವನ ಮನೆಗೇ ಬರುತ್ತಿದ್ದ.

ಆ ಭಾನುವಾರವೂ ಬಂದ. ಮೆತ್ತೆಯಿದ್ದ ಒಂದೇ ಕುರ್ಚಿಯನ್ನು ಹಿಡಿದ. ದರ್ಜಿಯ ಹೆಂಡತಿ ಆಸ್ಪತ್ರೆಯ ಡ್ಯೂಟಿಗೆ ಹೋಗಿದ್ದಳು. ದರ್ಜಿ ಕತ್ತರಿಸುವ ಮೇಜಿನ ಅಂಚಿಗೆ ಒರಗಿ ನಿಂತ. ಪ್ರತಿ ಸಲ ಷೋ ಹೊತ್ತಿಗೆ ಪಕ್ಕದ ಮನೆಗೆ ಹರಟೆಗೆ ಹೋಗುತ್ತಿದ್ದ ಅಮ್ಮ ಇವತ್ತು ಕಾಲುನೋವೆಂದು ಟಿವಿಯ ಮುಂದೆಯೇ ಕೂತಳು. ಅಂಗಿ ಹರಿಯುವುದನ್ನು ಅವಳು ನೋಡಿಬಿಡುತ್ತಾಳಲ್ಲ ಎಂದು ದರ್ಜಿ ಮತ್ತೆ ಮತ್ತೆ ಅವಳ ಕಡೆ ತಿರುಗಿ ನೋಡಿದ.

ಮೊದಲ ಪಂದ್ಯದಲ್ಲಿ ಮುಖವಾಡ ತೊಟ್ಟ ಒಬ್ಬ ಕಣ್ಣಿನ ತೂತುಗಳು ಪಕ್ಕಕ್ಕೆ ಸರಿದು ದಾರಿ ಕಾಣದೆ ಎದುರಾಳಿಯ ಬದಲು ಕಂಬವನ್ನು ತಬ್ಬಿಕೊಂಡ.

“ಇಳಿದದ್ದು,” ಎಂದ ಅರ್ಧ ಮಾರ್ಕು. “ಕಂಬ ಪರವಾಗಿಲ್ಲ, ಚೆನ್ನಾಗಿ ನಿಂತಿತ್ತು.”

ಎರಡನೆಯದು ಹೆಂಗಸರ ಪಂದ್ಯ. ಇಬ್ಬರೂ ಜೀವ ಕೊಟ್ಟು ಆಡಿದರು. ಅರ್ಧ ಮಾರ್ಕು ಬಾಯಿ ಬಿಟ್ಟುಕೊಂಡು ನೋಡಿ, ಎಂಟೂವರೆ ಕೊಟ್ಟು, ಆಮೇಲೆ ಗೆದ್ದವಳು ಕ್ಯಾಮೆರಾ ನೋಡಿ ನಕ್ಕಳೆಂದು ಎಂಟಕ್ಕೆ ಇಳಿಸಿದ.

“ಇವರ ಮನೇಲಿ ಗೊತ್ತಾ, ಇವರು ಹೀಗೆ ಹೊಡೆದಾಡೋದು?” ಎಂದು ಅಮ್ಮ ಕೇಳಿದಳು.

“ಗೊತ್ತು ಅತ್ತೆ. ಮನೆಯವರೇ ಬಂದು ಚಪ್ಪಾಳೆ ಹೊಡೀತಾರೆ.”

“ಒಳ್ಳೆ ಮನೆಯವರು,” ಎಂದು ಅಮ್ಮ ಮೂಗು ಮುರಿದಳು.

ಕೊನೆಯ ಪಂದ್ಯ ಬಂತು. ದೀಪಗಳೆಲ್ಲ ಆರಿ, ಹೊಗೆ ಎದ್ದು, ಉಕ್ಕಿನೆದೆ ಹೊರಗೆ ಬಂದ. ಮೈಮೇಲೆ ದರ್ಜಿಯ ಕಡುಕೆಂಪು ಅಂಗಿ. ರಿಂಗಿನೊಳಗೆ ಎದುರಾಳಿ ಮೂಳೆಮುರುಕ ಸೊಂಟಕ್ಕೆ ಕೈಯಿಟ್ಟು ಕಾಯುತ್ತಿದ್ದ. ಅಂಗಿಯನ್ನು ಕಂಡದ್ದೇ ಅಮ್ಮನ ಮುಖ ಅರಳಿತು.

“ಇದಲ್ವೇನೋ ಮೊನ್ನೆ ನೀನು ಮಾಡಿಟ್ಟಿದ್ದ ಅಂಗಿ?”

“ಹೂಂ.”

“ನೀನು ದಾರ ತರೋಕೆ ಹೋದಾಗ ಕಂಪನಿ ವ್ಯಾನ್ ಬಂತು. ಕೊಡೋಕೆ ಮುಂಚೆ ಕೈಯಾಡಿಸಿ ನೋಡಿದೆ. ಹೇಳಬಾರದು, ಅಷ್ಟು ಕೆಟ್ಟ ಹೊಲಿಗೆ ನಿನ್ನ ಕೈಯಿಂದ ನಾನು ನೋಡೇ ಇರ್ಲಿಲ್ಲ. ಎದೆ ಹತ್ರ ಬಟ್ಟೆ ಬೇರೆ ಸೀಳಿತ್ತು. ಕೆಲಸ ಜಾಸ್ತಿಯಾಗಿ ಸುಸ್ತಾಗಿದೀಯ ಅಂದ್ಕೊಂಡು ಡ್ರೈವರನ್ನ ಕೂರಿಸಿ ನಾನೇ ಎಲ್ಲಾ ಸರಿ ಮಾಡಿದೆ. ಡಬಲ್ ಹೊಲಿಗೆ ಹಾಕಿದೀನಿ. ಒಳಗಡೆ ಕ್ಯಾನ್ವಾಸ್ ಪಟ್ಟಿನೂ ಕೊಟ್ಟಿದೀನಿ. ಇನ್ನು ಅವನು ಆ ಅಂಗಿ ಹಾಕ್ಕೊಂಡು ಬಾವಿಗೆ ಬಿದ್ರೂ ಕಾಲರ್ ಹಿಡಿದು ಎಳ್ಕೋಬಹುದು.”

ದರ್ಜಿ ಮೇಜಿನ ಅಂಚು ಬಿಟ್ಟು ಟಿವಿಯ ಹತ್ತಿರಕ್ಕೆ ಬಂದ. ಅಷ್ಟರಲ್ಲಿ ಟಿವಿಯಲ್ಲಿ ಉಕ್ಕಿನೆದೆ ಎರಡೂ ಕೈಯಲ್ಲಿ ಅಂಗಿಯ ಎದೆ ಹಿಡಿದು ಗರ್ಜಿಸಿ ಎಳೆದ.

ಅಂಗಿ ಮಿಸುಕಲಿಲ್ಲ. ಮೂಳೆಮುರುಕ ಮಾತ್ರ ಅಭ್ಯಾಸಬಲದಿಂದ ಧೊಪ್ಪನೆ ಅಂಗಾತ ಬಿದ್ದ. ಬಿದ್ದಲ್ಲಿಂದಲೇ ಒಂದು ಕಣ್ಣು ತೆರೆದು ನೋಡಿ, ಅಂಗಿ ಇನ್ನೂ ಮೈಮೇಲಿರುವುದನ್ನು ಕಂಡು, ಮೆಲ್ಲಗೆ ಎದ್ದು ಬೆನ್ನು ಕೊಡವಿಕೊಂಡ. ಉಕ್ಕಿನೆದೆ ಮತ್ತೆ ಗರ್ಜಿಸಿ ಎಳೆದ. ಮೂಳೆಮುರುಕ ಮತ್ತೆ ಬಿದ್ದ. ಅಂಗಿ ಮತ್ತೆ ಹಾಗೇ ಇತ್ತು. ಮೂರನೆಯ ಸಲ ಉಕ್ಕಿನೆದೆಯ ಕತ್ತಿನ ನರ ಉಬ್ಬಿ, ಮುಖ ಅಂಗಿಯ ಬಣ್ಣಕ್ಕೇ ತಿರುಗಿತು. ಅವನು ರಿಂಗಿನ ಹಗ್ಗಕ್ಕೆ ಕಾಲು ಕೊಟ್ಟು ಎಳೆದ, ಹಲ್ಲಲ್ಲಿ ಕಚ್ಚಿ ಎಳೆದ, ನೆಲಕ್ಕೆ ಬಿದ್ದು ಉರುಳಾಡಿ ಎಳೆದ. ಅಲ್ಲಿದ್ದ ಜನಕ್ಕೆ ಮೊದಲು ಏನೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಕಾಮೆಂಟರಿ ಹೇಳುವವನಂತೂ ಮೈಕು ಆಚೆಗಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದ.

“ಗುಂಡಿ ಬಿಚ್ಚೋಕೆ ಹೇಳ್ರೋ ಆ ಹುಡುಗನಿಗೆ,” ಎಂದಳು ಅಮ್ಮ. ಅವಳಿಗೆ ನಿಜವಾಗಿಯೂ ಕನಿಕರವಾಗಿತ್ತು.

ಮೂಳೆಮುರುಕನಿಗೂ ಅದೇ ಹೊಳೆದಿರಬೇಕು. ಅವನು ಹತ್ತಿರ ಬಂದು, ಬೆರಳಿನಿಂದ ಉಕ್ಕಿನೆದೆಯ ಗಲ್ಲ ಮೇಲಕ್ಕೆತ್ತಿ, ಶಾಲೆಯಿಂದ ಬಂದ ಮಗುವಿಗೆ ತಾಯಿ ಬಿಚ್ಚುವ ಹಾಗೆ ಒಂದೊಂದೇ ಗುಂಡಿಯನ್ನು ನಿಧಾನವಾಗಿ ಬಿಚ್ಚಿದ. ತೋಳು ಎಳೆದ. ಅಂಗಿಯನ್ನು ನೀಟಾಗಿ ಮಡಚಿ ರೆಫರಿಯ ಕೈಗೆ ಕೊಟ್ಟ. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಹೋಗಿ, ಉಕ್ಕಿನೆದೆಯ ಬರಿಮೈಯನ್ನು ನೋಡಿ, ಹೆದರಿ ಅಂಗಾತ ಬಿದ್ದ.

ಪಂದ್ಯದಲ್ಲಿ ಯಾರು ಗೆದ್ದರೆಂದು ದರ್ಜಿ ನೋಡಲಿಲ್ಲ. ಕೆಲಸ ಹೋಯಿತೆಂಬುದು ಅವನಿಗೆ ಖಾತ್ರಿಯಾಗಿತ್ತು. ಅದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ಅಮ್ಮನಿಂದಲೇ ಹೋಯಿತೆಂದು ಅಮ್ಮನಿಗೆ ತಿಳಿಯಬಾರದು.

ಅರ್ಧ ಮಾರ್ಕು ಟಿವಿ ಆರಿಸಿ, ಫೋನು ತೆಗೆದು, ಟೈಪು ಮಾಡಲು ಕೂತ. ಅವನ ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಉತ್ತರಪತ್ರಿಕೆ ತಿದ್ದುವಾಗ ಇರುವ ಮುಖವೇ ಇತ್ತು.

“ಭಾವ, ಒಂದು ವಿಷಯ. ಆ ಅಂಗಿ ಹೊಲಿದದ್ದು ಯಾರು? ಹೆಸರು ಹಾಕದೆ ನಾನು ಬರೆಯಲ್ಲ.”

“ಎಲ್ಲಿ ಹಾಕ್ತೀಯಾ? ಏರಿದ್ದಕ್ಕೋ, ಇಳಿದದ್ದಕ್ಕೋ?”

“ಅದನ್ನ ಮೊದಲೇ ಹೇಳಿದ್ರೆ ವಿಮರ್ಶೆ ಆಗಲ್ಲ. ಯಾರು ಹೇಳಿ.”

ಅಮ್ಮ ಬಾಯಿ ತೆರೆದಳು. ದರ್ಜಿ ಅವಳಿಗಿಂತ ಮೊದಲೇ, “ನಾನೇ. ಮೊದಲಿಂದ ಕೊನೇವರೆಗೂ ನಾನೇ,” ಎಂದುಬಿಟ್ಟ. ಬೈಗುಳ ಬಂದರೆ ತನಗೇ ಬರಲಿ ಎಂಬ ಒಳ್ಳೆಯ ಮನಸ್ಸು ಅವನದು. ಆ ಕ್ಷಣ ತಾನು ಬಹಳ ದೊಡ್ಡ ಮನುಷ್ಯ ಎಂದೂ ಅನ್ನಿಸಿತು. ಅಮ್ಮ ಬಾಯಿ ಮುಚ್ಚಿದಳು.

ಅರ್ಧ ಮಾರ್ಕು ತುಂಬ ಹೊತ್ತು ಒತ್ತಿ, ಕಳಿಸಿ, ಆಮೇಲೆ ಗಟ್ಟಿಯಾಗಿ ಓದಿದ. “ಏರಿದ್ದು. ಇಷ್ಟು ವರ್ಷಗಳಲ್ಲಿ ಈ ಕಂಪನಿಯಲ್ಲಿ ನಾನು ಕಂಡ ಮೊದಲ ನಿಜವಾದ ಹೋರಾಟ ಉಕ್ಕಿನೆದೆಗೂ ಅವನ ಅಂಗಿಗೂ ನಡೆದದ್ದು. ಯಾರು ಗೆಲ್ಲುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ. ಅಂಗಿ ಗೆದ್ದಿತು. ಅಂಗಿಗೆ ಹತ್ತಕ್ಕೆ ಹತ್ತು. ಹೊಲಿದವರು ನನ್ನ ಭಾವ. ನೆಂಟರೆಂದು ಕೊಟ್ಟದ್ದಲ್ಲ.”

ದರ್ಜಿಗೆ ಕುಣಿಯುವಷ್ಟು ಖುಷಿಯಾಯಿತು. ತಿರುಗಿ ನೋಡಿದರೆ ಅಮ್ಮ ಎದ್ದು ನಿಂತಿದ್ದಳು.

“ಯಾರು ಹೊಲಿದದ್ದು ಅಂದೆ?”

“ಅಮ್ಮ, ಅದು ಹಾಗಲ್ಲ. ಅವನು ಬೈದು ಬರೀತಾನೆ ಅಂದ್ಕೊಂಡೆ. ಮಾತು ನಿನ್ನ ಮೇಲೆ ಬರಬಾರದು ಅಂತ…”

“ಅಂದ್ರೆ ನಂದು ಬೈಸ್ಕೊಳ್ಳೋ ಹೊಲಿಗೆ ಅಂತಾಯ್ತು.”

ದರ್ಜಿ ಎಲ್ಲವನ್ನೂ ಹೇಳಿಬಿಟ್ಟ. ಅಂಗಿ ಹರಿಯಬೇಕಿತ್ತೆಂಬುದು, ಗೀರು ತಾನೇ ಹಾಕಿದ್ದೆಂಬುದು, ಇಷ್ಟು ತಿಂಗಳಿಂದ ಅವಳು ಮಲಗಿದಾಗ ನಡೆಸಿದ ಕೆಲಸ, ಎಲ್ಲ. ಅಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ನನ್ನ ಹತ್ರ ಕಲಿತು ಹರಿಯೋಕೆ ಹೊಲಿದ್ಯಲ್ಲೋ,” ಎಂದಷ್ಟೇ ಹೇಳಿ ಮೆಶಿನ್ನಿನ ಸ್ಟೂಲಿನ ಮೇಲೆ ಕೂತುಬಿಟ್ಟಳು. ದರ್ಜಿಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು. ಅರ್ಧ ಮಾರ್ಕು, ಜೀವನದಲ್ಲಿ ಮೊದಲ ಸಲವಿರಬೇಕು, ಯಾವುದಕ್ಕೂ ಮಾರ್ಕು ಹಾಕದೆ ಚಪ್ಪಲಿ ಹುಡುಕತೊಡಗಿದ.

ಆಗ ಯಜಮಾನನ ಫೋನು ಬಂತು.

“ಓದಿದೆ ಕಣಯ್ಯ. ಹತ್ತಕ್ಕೆ ಹತ್ತು ಅಂದ್ರೆ ಹುಡುಗಾಟಾನಾ? ಜನ ಎಲ್ಲಾ ಅಂಗಿ ಅಂಗಿ ಅಂತಿದಾರೆ. ಬರೋ ತಿಂಗಳೂ ಹರಿಯಬಾರದು, ಅಂಥದ್ದೇ ಬೇಕು. ಎಲ್ಲರ ಬಟ್ಟೆನೂ ನಿನಗೇ. ಒಪ್ಪಿಗೆ ತಾನೇ?”

ಹೂಂ ಎಂದರೆ ಸಾಕಿತ್ತು. ಯಜಮಾನ ಕೇಳಿದ್ದೂ ಅಷ್ಟೇ. ದರ್ಜಿ ಅಮ್ಮನ ಬೆನ್ನನ್ನೇ ನೋಡುತ್ತ ನಿಂತ. ಅವಳು ಗೋಡೆಯ ಕಡೆ ಮುಖ ಮಾಡಿದ್ದಳು, ಕಿವಿ ಮಾತ್ರ ಇತ್ತ ಕಡೆಗಿತ್ತು.

“ಸಾರ್, ಅದನ್ನ ಹೊಲಿದದ್ದು ನಾನಲ್ಲ. ನಾನು ಹೊಲಿದಿದ್ರೆ ಹರಿದು ಹೋಗ್ತಿತ್ತು. ನಮ್ಮಮ್ಮ ಹೊಲಿದದ್ದು.”

ಯಜಮಾನ ತಕ್ಷಣ ಮಾತು ತಿರುಗಿಸಿದ. “ಹಾಗಾದ್ರೆ ನಿನ್ನ ಹತ್ರ ನನಗೇನಯ್ಯ ಮಾತು? ಅವರಿಗೆ ಕೊಡು.”

ಅಮ್ಮ ಸೆರಗಿಗೆ ಕೈಯೊರೆಸಿಕೊಂಡು ಫೋನು ಹಿಡಿದಳು. ಯಜಮಾನ ಹೇಳಿದ್ದನ್ನೆಲ್ಲ ಹೂಂಗುಡುತ್ತ ಕೇಳಿದಳು. ಕೊನೆಗೆ ಒಮ್ಮೆ ಮಗನನ್ನು ಮೇಲಿಂದ ಕೆಳಗೆ ನೋಡಿದಳು.

“ಆಯ್ತು, ಹೊಲಿದು ಕೊಡೋಣ,” ಎಂದಳು. “ಎಲ್ಲರದ್ದೂ ಅಂದ್ರೆ ನನ್ನೊಬ್ಬಳ ಕೈಲಿ ಆಗಲ್ಲ. ನನ್ನ ಹತ್ರ ಒಬ್ಬ ಹುಡುಗ ಇದಾನೆ. ಇನ್ನೂ ಕಲೀತಾ ಇದಾನೆ, ಆದ್ರೆ ಸುಳ್ಳು ಹೇಳಲ್ಲ. ಅವನನ್ನ ಜೊತೆಗಿಟ್ಕೋತೀನಿ.”

ಐವತ್ತರ ಹತ್ತಿರಕ್ಕೆ ಬಂದಿದ್ದ, ನೆತ್ತಿ ಬೋಳಾಗಿದ್ದ ಆ ಹುಡುಗ ಕಣ್ಣೊರೆಸಿಕೊಂಡು ಹೋಗಿ ಮೆಶಿನ್ನಿಗೆ ಎಣ್ಣೆ ಹಾಕಿದ.