ಹೊಟ್ಟೆ ಕೊರೆಯದ ಹಲಗೆ

ಯಡಿಯೂರು ಕೆರೆ ಏರಿಯ ಕೆಳಗೆ ವೀಣೆ ಮಾಡಿಕೊಂಡಿದ್ದ ಚಿಕ್ಕಬೈರಪ್ಪ, ಮರಕ್ಕೆ ಕೈಮುಗಿದು ಅಪ್ಪಣೆ ಬೇಡದೆ ಉಳಿ ಮುಟ್ಟುವವನಲ್ಲ. ಅರವತ್ತೇಳನೆಯ ಇಸವಿಯ ಮಾಘದಲ್ಲಿ ಮಾತ್ರ ಅಪ್ಪಣೆ ಬೇಡಿಯೂ ಎಡವಿದ.

ರೇಡಿಯೋ ರಿಪೇರಿಯ ಸೇತುರಾಮ ತಗ್ಗು ದನಿಯ ಬೇಸ್ ಗಿಟಾರಿನ ಚಿತ್ರ ತಂದು, ಇಂಥದೊಂದು ಮಾಡಿಕೊಡಿ ಎಂದಿದ್ದ. ನಾಲ್ಕೇ ತಂತಿ, ದಪ್ಪನೆಯವು. ಚಿಕ್ಕಬೈರಪ್ಪ ಕೈಯ ರೂಢಿಯಂತೆ ಹಲಸಿನ ಮರದ ಹೊಟ್ಟೆ ಕೊರೆದು ವೀಣೆಯ ಕೊಡದ ಹಾಗೆ ಟೊಳ್ಳು ಮಾಡಿಬಿಟ್ಟ. ಸೇತುರಾಮ ಅದಕ್ಕೆ ಪಿಕಪ್ ಕೂರಿಸಿದ. ಅಯಸ್ಕಾಂತಕ್ಕೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿದ ಪುಟ್ಟ ಡಬ್ಬಿ. ತಂತಿಯ ನಡುಕವನ್ನು ಅದು ಕರೆಂಟು ಮಾಡುತ್ತದಂತೆ. ಆಂಪ್ಲಿಫೈಯರಿಗೆ ಸೇರಿಸಿದ್ದೇ ತಡ, ಯಾರೂ ಮೀಟದೆಯೇ ವಾದ್ಯ ಊಳಿಟ್ಟಿತು.

"ಅದ್ಯಾವ ಎಮ್ಮೆ ಈಯಕ್ಕೆ ನಿಂತದೆ ಅಲ್ಲಿ?" ಹೆಂಡತಿ ಅಂಜನಮ್ಮ ಒಳಗಿನಿಂದ ಕೂಗಿದಳು.

"ಸ್ಪೀಕರ್ ಸದ್ದೆಲ್ಲ ಆ ಟೊಳ್ಳಿಗೇ ನುಗ್ತಾ ಇದೆ, ಬೈರಪ್ಪನೋರೆ. ಹಲಗೆ ಗಟ್ಟಿಯಾಗೇ ಇರ್ಬೇಕು," ಎಂದ ಸೇತುರಾಮ.

"ಹೊಟ್ಟೇನೇ ಇಲ್ದಿದ್ರೆ ಉಸಿರು ಎಲ್ಲಿಂದ ಬತ್ತದೆ ಸ್ವಾಮಿ?"

ಉಳಿದಿದ್ದದ್ದು ಒಂದೇ ಹಲಗೆ, ಅಪ್ಪ ನೆಟ್ಟ ಮರದ್ದು. ಇದೂ ಕೆಟ್ಟರೆ ಅಪ್ಪನ ಮರ ಮುಗಿದಂತೆ. ಆದರೂ ಗಟ್ಟಿಯಾಗಿಯೇ ಕೆತ್ತಿ, ಕತ್ತು ಕೂಡಿಸಿ, ತಂತಿ ಬಿಗಿದ. ಪಿಕಪ್ಪಿಗೆ ಗುಳಿ ತೋಡುವುದೊಂದು ಬಾಕಿ. ತಪ್ಪಿದರೆ ಮುಚ್ಚಿ ತೋಡುವ ಹಾಗಿಲ್ಲ.

"ತಂತಿ ಕೂರೋ ಕುದುರೆ ಪಕ್ಕದಲ್ಲೇ ಇಡೋಣ," ಎಂದ ಸೇತುರಾಮ.

"ತಡೀರಿ. ಮರಾನೇ ಕೇಳಾನ."

ವೀಣೆಗೆ ಮರ ಆರಿಸಲು ಅಪ್ಪ ಕಲಿಸಿದ ವಿದ್ಯೆಯೊಂದಿತ್ತು. ಚಿಕ್ಕಬೈರಪ್ಪ ಬಿದಿರುಕಡ್ಡಿಯನ್ನು ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಹಲಗೆಗೆ ಊರಿ, ಕಣ್ಣು ಮುಚ್ಚಿ ಮೀಟಿದ. ಕಿವಿಗೆ ಕೇಳಿದ್ದು ಸೊಳ್ಳೆಯಷ್ಟು ಸದ್ದು. ಹಲ್ಲಿನಿಂದ ತಲೆಯೊಳಕ್ಕೆ ಮಾತ್ರ ಅಪ್ಪನ ಮರ ತುಂಬಿ ಹಾಡುತ್ತಿತ್ತು. ಹೊಟ್ಟೆಯಿಲ್ಲದೆ!

ಕುದುರೆಯ ಬಳಿ ಮೀಟಿದರೆ ದನಿ ಒಣಕಲು. ಕತ್ತಿನ ಬಳಿ ದಪ್ಪ, ಆದರೆ ಮಂಕು. ಕುದುರೆಯಿಂದ ಗೇಣಿಗೆ ನಾಲ್ಕು ಬೆರಳು ಕಡಿಮೆ ಇರುವಲ್ಲಿ ಅದು ದುಂಡಗೆ ನಿಂತಿತು. ಅಲ್ಲಿ ವಿಭೂತಿಯ ಗೆರೆ ಎಳೆದು, ತಂತಿ ಸಡಿಲಿಸಿ, ಕೈಮುಗಿದು ಉಳಿ ಇಟ್ಟ.

ಸಂಜೆ ಪಿಕಪ್ ಕೂರಿಸಿ ಸೇತುರಾಮ ಮೀಟಿದ. ಊಳಿಲ್ಲ. ಜಗಲಿಯ ಮೇಲಿನ ಚೊಂಬಿನ ನೀರು ಉಂಗುರ ಉಂಗುರವಾಗಿ ನಡುಗಿತು. ಅಂಜನಮ್ಮ ಹಿಟ್ಟಿನ ಕೈಯಲ್ಲೇ ಬಂದು ಹೊಸ್ತಿಲಲ್ಲಿ ನಿಂತಳು.

"ಇದೇನಿದು, ಅಂಗಾಲಿನಿಂದ ಬತ್ತದೆ!"

"ಇನ್ನೊಂದ್ ಸಲ ಮೀಟಿ ಸ್ವಾಮಿ," ಎಂದ ಚಿಕ್ಕಬೈರಪ್ಪ, ಕಡ್ಡಿಯನ್ನು ಮತ್ತೆ ಹಲ್ಲಿಗಿಟ್ಟುಕೊಂಡು ಅಪ್ಪನ ಮರದ ಮುಂದೆ ತಲೆ ಬಾಗಿದ.